ಸಿಮ್ಯುಲೇಷನ್‌ಗೆ ಸರಿಯಾದ ಮಾಡೆಲ್ ಆರಿಸುವುದು ಹೇಗೆ?

ಕಾಕಂಬಿಯಿಂದ ಎಥನಾಲ್ ತೆಗೆಯುವ ಡಿಸ್ಟಿಲರಿಗಳು ನಮ್ಮಲ್ಲಿ ಸಾಕಷ್ಟಿವೆ. ಅಲ್ಲಿ ಎಥನಾಲನ್ನು ಕುದಿಸಿ ನೀರಿನಿಂದ ಬೇರ್ಪಡಿಸುವ ಎತ್ತರದ ಗೋಪುರಕ್ಕೆ ಕಾಲಮ್ ಅನ್ನುತ್ತಾರೆ. ಅಂಥ ಒಂದು ಕಾಲಮ್ಮನ್ನು ಕಂಪ್ಯೂಟರಿನಲ್ಲಿ ಕಟ್ಟೋಣ. ಡಿಡಬ್ಲ್ಯೂಸಿಮ್ ಎಂಬ ಸಿಮ್ಯುಲೇಷನ್ ಪ್ರೋಗ್ರಾಂ ಸಾಕು, ಅದು ಉಚಿತ. ಶುರುವಿನಲ್ಲೇ ಅದು ಯಾವ ಪ್ರಾಪರ್ಟಿ ಪ್ಯಾಕೇಜ್, ಅಂದರೆ ಪದಾರ್ಥಗಳ ಗುಣಗಳನ್ನು ಲೆಕ್ಕ ಹಾಕುವ ಮಾಡೆಲ್, ಬೇಕು ಅಂತ ಕೇಳುತ್ತದೆ. ಪಟ್ಟಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಸುಮ್ನೆ ಒತ್ತಬೇಡಿ.

ರೌಲ್ಟ್ ನಿಯಮ ಆರಿಸಿದರೆ ಏನಾಗುತ್ತದೆ ನೋಡಿ. ಅದು ದ್ರಾವಣವನ್ನು ಆದರ್ಶ ಅಂತ, ಅಂದರೆ ಅಣುಗಳೆಲ್ಲ ಒಂದನ್ನೊಂದು ಒಂದೇ ರೀತಿ ಸೆಳೆಯುತ್ತವೆ ಅಂತ ಭಾವಿಸುತ್ತದೆ. ಕಾಲಮ್ಮಿನೊಳಗೆ ಆವಿ ಮತ್ತು ದ್ರವ ಸಂಧಿಸುವ ತಟ್ಟೆಗಳನ್ನು, ಅಂದರೆ ಟ್ರೇಗಳನ್ನು, ಹೆಚ್ಚಿಸುತ್ತಾ ಹೋದರೆ ಮೇಲಿನಿಂದ 99.9% ಎಥನಾಲ್ ಬರುತ್ತದೆ! ನಿಜವಾದ ಕಾಲಮ್ಮಿನಲ್ಲಿ ಇದು ಆಗದ ಮಾತು. ವಾತಾವರಣದ ಒತ್ತಡದಲ್ಲಿ, ಸುಮಾರು 78.2 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕದ ಲೆಕ್ಕದಲ್ಲಿ 95.6% ಮುಟ್ಟಿದಾಗ ಆವಿ ಮತ್ತು ದ್ರವದ ಸಂಯೋಜನೆ ಒಂದೇ ಆಗಿಬಿಡುತ್ತದೆ. ಇದೇ ಅಜಿಯೋಟ್ರೋಪ್. ಉಳಿದ ನೀರು ತೆಗೆಯಲು ಡಿಸ್ಟಿಲರಿಗಳು ಮಾಲಿಕ್ಯುಲರ್ ಸೀವ್ (ನೀರನ್ನು ಹೀರಿಕೊಳ್ಳುವ ಕಣಗಳು) ಇಟ್ಟುಕೊಳ್ಳುವುದು ಅದಕ್ಕೇ ಅಲ್ವಾ?

ಮೊದಲು, ಯಾವ್ಯಾವ ಪದಾರ್ಥಗಳಿವೆ ಬರೆದುಕೊಳ್ಳಿ. ಪ್ರೊಪೇನ್, ಬ್ಯುಟೇನ್‌ನಂಥ ಹೈಡ್ರೋಕಾರ್ಬನ್‌ಗಳಷ್ಟೇ ಇದ್ದರೆ 1976ರ ಪೆಂಗ್-ರಾಬಿನ್ಸನ್ ಸಮೀಕರಣ ಚೆನ್ನಾಗಿ ನಡೆಯುತ್ತದೆ, ಒತ್ತಡ ಜಾಸ್ತಿ ಇದ್ದರೂ ಸರಿ. ನೀರು, ಆಲ್ಕೋಹಾಲ್ ಬಂದರೆ ಕಡಿಮೆ ಒತ್ತಡದಲ್ಲಿ ಎನ್‌ಆರ್‌ಟಿಎಲ್, ಯುನಿಕ್ವಾಕ್ ಅಥವಾ ವಿಲ್ಸನ್ ಬೇಕು. ದ್ರವ ಆದರ್ಶದಿಂದ ಎಷ್ಟು ದೂರ ಅನ್ನುವುದನ್ನು ಲೆಕ್ಕ ಹಾಕುವ ಮಾಡೆಲ್ ಇವು. ನಮ್ಮ ಕಾಲಮ್ಮಿಗೆ ನಾನು ಎನ್‌ಆರ್‌ಟಿಎಲ್ ಹಾಕುತ್ತೇನೆ. ಮುಂದೆ ಸೈಕ್ಲೋಹೆಕ್ಸೇನ್ ಸೇರಿಸಿ ನೀರು ಬೇರ್ಪಡಿಸುವ ಯೋಚನೆ ಇದ್ದರೆ ವಿಲ್ಸನ್ ಬೇಡವೇ ಬೇಡ. ದ್ರವ ಎರಡು ಪದರವಾಗಿ ಒಡೆಯುವುದನ್ನು ಅದು ತೋರಿಸಲಾರದು.

ಹುದುಗಿನಿಂದ ಬಂದು ಕರಗಿರುವ ಕಾರ್ಬನ್ ಡೈಆಕ್ಸೈಡ್‌ಗೆ ಹೆನ್ರಿ ನಿಯಮ (ದ್ರವದಲ್ಲಿ ಅನಿಲ ಎಷ್ಟು ಕರಗುತ್ತದೆ ಅಂತ ಹೇಳುವ ನಿಯಮ) ಹಾಕಿ.

ಆಮೇಲೆ ಬೈನರಿ ಪ್ಯಾರಾಮೀಟರ್‌ಗಳ ಕೋಷ್ಟಕ ತೆರೆಯಿರಿ. ಎರಡೆರಡು ಪದಾರ್ಥಗಳು ಒಂದರ ಮೇಲೊಂದು ಬೀರುವ ಪ್ರಭಾವದ ಅಂಕಿಗಳು ಅಲ್ಲಿರುತ್ತವೆ. ಜಾಸ್ತಿ ಜನ ಎಡವುವುದು ಇಲ್ಲೇ. ಎಥನಾಲ್-ನೀರಿನ ಜಾಗದಲ್ಲಿ ಸೊನ್ನೆ ಇದ್ದರೆ ಹೆಸರಿಗಷ್ಟೇ ಎನ್‌ಆರ್‌ಟಿಎಲ್, ಲೆಕ್ಕವೆಲ್ಲ ಆದರ್ಶ ದ್ರಾವಣದ್ದೇ. ಪ್ರೋಗ್ರಾಂ ಎಚ್ಚರಿಸುತ್ತದೆ ಅಂತ ನಂಬಿ ಕೂರಬೇಡಿ. ಅಳೆದ ಮಾಹಿತಿ ಎಲ್ಲೂ ಸಿಗದಿದ್ದರೆ ಮಾತ್ರ, ಅಣುಗಳ ರಚನೆ ನೋಡಿ ಲೆಕ್ಕ ಹಾಕುವ ಯುನಿಫಾಕ್‌ನಿಂದ ಅಂದಾಜು ಮಾಡಿ.

ಕಾಲಮ್ ಕಟ್ಟುವ ಮೊದಲು ಇನ್ನೊಂದೇ ಕೆಲಸ. 1 ಅಟ್ಮಾಸ್ಫಿಯರ್‌ನಲ್ಲಿ ಎಕ್ಸ್-ವೈ ನಕ್ಷೆ (ದ್ರವದಲ್ಲಿ ಎಥನಾಲ್ ಎಷ್ಟಿದ್ದರೆ ಆವಿಯಲ್ಲಿ ಎಷ್ಟು ಅಂತ ತೋರಿಸುವುದು) ಬಿಡಿಸಿ, ಪ್ರಯೋಗದಲ್ಲಿ ಅಳೆದ ಬಿಂದುಗಳನ್ನು ಅದರ ಮೇಲೆ ಇಡಿ. ಎಥನಾಲ್‌ನ ಮೋಲ್ ಅಂಶ (ಒಟ್ಟು ಅಣುಗಳಲ್ಲಿ ಅದರ ಪಾಲು) 0.89ರ ಹತ್ತಿರ ವಕ್ರರೇಖೆ ಕರ್ಣವನ್ನು, ಅಂದರೆ ಆವಿ-ದ್ರವ ಎರಡರಲ್ಲೂ ಪಾಲು ಸಮ ಇರುವ ಗೆರೆಯನ್ನು, ದಾಟಬೇಕು. ನಕ್ಷೆಯಲ್ಲಿ 0.956 ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಅದು ತೂಕದ ಲೆಕ್ಕ, ಇದು ಮೋಲ್ ಲೆಕ್ಕ. ರೇಖೆ ಕರ್ಣವನ್ನು ದಾಟಲೇ ಇಲ್ಲವಾ? ಹಾಗಾದರೆ ಪ್ಯಾರಾಮೀಟರ್ ಕೋಷ್ಟಕಕ್ಕೆ ವಾಪಸ್ ಹೋಗಿ.