ಹಳೇ ಬಕೆಟ್ ಲಾರಿ ತಂದಿರಾ? ಮೊದಲು ನೆಲದ ಮೇಲೆ ನಿಂತೇ ಕಲಿಯಿರಿ

ಬಳ್ಳಾರಿಯಲ್ಲಿ ಬೀದಿದೀಪದ ಕೆಲಸಕ್ಕೆ ನಾನು ಸೆಕೆಂಡ್ ಹ್ಯಾಂಡ್ ಬಕೆಟ್ ಲಾರಿ (ಆಳನ್ನು ಬಕೆಟ್‌ನಲ್ಲಿ ನಿಲ್ಲಿಸಿ ಮೇಲೆತ್ತುವ ಲಾರಿ) ತಂದಾಗ ಲಿವರ್‌ಗಳ ಮೇಲಿನ ಗುರುತೆಲ್ಲ ಬಿಸಿಲಿಗೆ ಅಳಿಸಿಹೋಗಿತ್ತು. ಯಾವುದು ಏನೆಂದು ಒಂದೊಂದಾಗಿ ಹುಡುಕಬೇಕಾಯಿತು.

ಮೊದಲು ಜಾಗ ನೋಡಿ. ತಲೆಯ ಮೇಲೆ ಕರೆಂಟಿನ ತಂತಿ ಇರಬಾರದು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುತ್ತದೆ, ಒಂದು ಮಳೆ ಬಿದ್ದರೆ ಜಾಕ್ (ಲಾರಿ ವಾಲದಂತೆ ನೆಲಕ್ಕೆ ಊರುವ ಕಾಲು) ಒಳಗೇ ಇಳಿಯುತ್ತದೆ. ಹಾಗಾಗಿ ಅಡಿಯಲ್ಲಿ ಅಗಲವಾದ ದಪ್ಪ ಹಲಗೆ ಇಡಿ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರ ಉರುಳದಂತೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ ಪಿಟಿಒ (ಇಂಜಿನ್ ಬಲದಿಂದ ಹೈಡ್ರಾಲಿಕ್ ಪಂಪ್ ತಿರುಗಿಸುವ ಜೋಡಣೆ) ಹಾಕಿ; ಪಂಪ್ ತಿರುಗಿದರೆ ಇಂಜಿನ್ ಸದ್ದೇ ಬದಲಾಗುತ್ತದೆ.

ಆಮೇಲೆ ಜಾಕ್. ಅದು ಪೂರ್ತಿ ಇಳಿಯದಿದ್ದರೆ ಎಷ್ಟೋ ಲಾರಿಗಳಲ್ಲಿ ಬೂಮ್ (ಬಕೆಟ್ ಎತ್ತುವ ತೋಳು) ಏಳುವುದೇ ಇಲ್ಲ. ಅದು ಕೆಟ್ಟಿದೆ ಅಂತಲ್ಲ, ಸುರಕ್ಷತೆಯ ಲಾಕ್. ಜಾಕ್ ಇಳಿದ ಮೇಲೂ ಏಳದಿದ್ದರೆ ಅಲ್ಲಿನ ಸ್ವಿಚ್ ನೋಡಿ, ಅದಿರಿನ ಕೆಂಪು ಧೂಳು ಕೂತಿರಬಹುದು. ಈಗ ಖಾಲಿ ಬಕೆಟ್‌ನಲ್ಲಿ, ಕೆಳಗಿನ ಲಿವರ್‌ಗಳನ್ನು ಒಂದೊಂದೇ ನಿಧಾನಕ್ಕೆ ಒತ್ತಿ, ಯಾವುದು ಏನು ಮಾಡುತ್ತದೆ ಅಂತ ಟೇಪಿನ ಮೇಲೆ ಬರೆದು ಅಂಟಿಸಿ.

ಬಕೆಟ್‌ನೊಳಗಿನ ಲಿವರ್ ಅಲುಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಎರಡು ನೋಡಿ: ಕೆಳಗಿನ ಸೆಲೆಕ್ಟರ್ (ಹಿಡಿತ ಕೆಳಗಿನ ಲಿವರ್‌ಗೋ ಬಕೆಟ್‌ಗೋ ಅಂತ ಬದಲಿಸುವ ಸ್ವಿಚ್) ‘ಮೇಲೆ’ ಅಂತ ಇದೆಯಾ, ಬಕೆಟ್‌ನ ತುರ್ತಾಗಿ ನಿಲ್ಲಿಸುವ ಕೆಂಪು ಬಟನ್ ಒತ್ತಿದಂತೆಯೇ ಕೂತಿದೆಯಾ. ಆ ಬಟನ್‌ನಿಂದ ನಾನು ಅರ್ಧ ದಿನ ಸುಮ್ನೆ ಕಳೆದಿದ್ದೇನೆ!

ಬೂಮ್ ನಿಧಾನವಾಗಿದ್ದರೆ ಹೈಡ್ರಾಲಿಕ್ ಆಯಿಲ್ ನೋಡಿ. ಬೂಮ್ ಮಡಚಿ, ಜಾಕ್ ಎತ್ತಿಯೇ ಅಳೆಯಬೇಕು. ಇಲ್ಲವಾದರೆ ಕಡಿಮೆ ತೋರಿಸುತ್ತದೆ, ನೀವು ಜಾಸ್ತಿ ಸುರಿಯುತ್ತೀರಿ. ಪಂಪ್ ಕೀರಲು ಸದ್ದು ಮಾಡಿದರೆ ಫಿಲ್ಟರ್ ಕಟ್ಟಿರಬಹುದು ಅಥವಾ ಎಲ್ಲೋ ಗಾಳಿ ಎಳೆಯುತ್ತಿರಬಹುದು. ಪೈಪ್ ಸೋರಿದರೆ ಕೈಯಿಂದ ಹುಡುಕಲೇಬೇಡಿ, ಒತ್ತಡದ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ರಟ್ಟು ಹಿಡಿದು ನೋಡಿ.

ನನಗೆ ತೀರಾ ಮುಖ್ಯವಾದ ಪರೀಕ್ಷೆ ಇದು. ಖಾಲಿ ಬಕೆಟ್ ಎತ್ತಿ, ಇಂಜಿನ್ ಆರಿಸಿ, ಚಹಾ ಕುಡಿದು ಬನ್ನಿ. ಬೂಮ್ ತಾನಾಗೇ ಕೆಳಗೆ ಜಾರಿದ್ದರೆ ಹೋಲ್ಡಿಂಗ್ ವಾಲ್ವ್ (ಬೂಮ್ ಇಳಿಯದಂತೆ ಎಣ್ಣೆ ಹಿಡಿದಿಡುವ ವಾಲ್ವ್) ಅಥವಾ ಸಿಲಿಂಡರ್ ಸೀಲ್ ಹೋಗಿದೆ. ಅದು ಸರಿಯಾಗುವ ತನಕ ಯಾರನ್ನೂ ಹತ್ತಿಸಬೇಡಿ.

ಬೂಮ್ ಫೈಬರ್‌ನದ್ದು, ಶಾಕ್ ಹೊಡೆಯಲ್ಲ ಅಂತ ಮಾರುವವರು ಹೇಳಬಹುದು. ಇನ್ಸುಲೇಷನ್ ಪರೀಕ್ಷೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಅದನ್ನು ಕಬ್ಬಿಣ ಅಂತಲೇ ತಿಳಿಯಿರಿ.

ಇಷ್ಟಾದ ಮೇಲೆ ಬೆಲ್ಟ್ ಕಟ್ಟಿ, ಅದರ ಕೊಕ್ಕೆಯನ್ನು ಬೂಮ್‌ಗೆ ಸಿಕ್ಕಿಸಿ ಹತ್ತಿ. ಇಂಜಿನ್ ನಿಂತರೆ ಬ್ಯಾಟರಿ ಪಂಪ್‌ನಿಂದ ನಿಮ್ಮನ್ನು ಇಳಿಸಲು ಗೊತ್ತಿರುವವರು ಒಬ್ಬರು ಕೆಳಗೆ ಇರಲಿ.