ಕ್ಲಾಸಿಕಲ್ ಗಿಟಾರಿಗೆ ಸ್ಟ್ರಾಪ್ ಕಟ್ಟಿದ್ದು

ಎಡಗಾಲನ್ನು ಫುಟ್‌ಸ್ಟೂಲ್ ಮೇಲಿಟ್ಟು ಎಷ್ಟೋ ವರ್ಷ ಕ್ಲಾಸಿಕಲ್ ಗಿಟಾರ್ ನುಡಿಸಿದೆ. ಆದರೆ ಒಂದು ಪಾದ ಗೇಣು ಮೇಲೆ, ಇನ್ನೊಂದು ನೆಲದ ಮೇಲೆ ಇದ್ದರೆ ಸೊಂಟ ನೆಟ್ಟಗೆ ಕೂರುವುದಾದರೂ ಹೇಗೆ? ಅರ್ಧ ಗಂಟೆಗೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಎದ್ದು ಓಡಾಡಿದರೆ ಸರಿಹೋಗುತ್ತಿತ್ತು, ಕೂತರೆ ಮತ್ತೆ ಅದೇ ರಾಗ. ಇದೇನೂ ಹೊಸ ತಲೆನೋವಲ್ಲ ಬಿಡಿ. 19ನೇ ಶತಮಾನದಲ್ಲೇ ಸ್ಪೇನಿನ ಗಿಟಾರ್ ವಾದಕ ದಿಯೊನಿಸಿಯೊ ಅಗ್ವಾದೊ ಗಿಟಾರನ್ನು ಹಿಡಿದು ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡನ್ನೇ ಮಾಡಿಕೊಂಡಿದ್ದರು.

ಕ್ಲಾಸಿಕಲ್ ಗಿಟಾರಿಗೆ ಸಾಮಾನ್ಯವಾಗಿ ಸ್ಟ್ರಾಪ್ ಬಟನ್, ಅಂದರೆ ಪಟ್ಟಿ ಸಿಕ್ಕಿಸುವ ಗುಂಡಿ, ಇರುವುದಿಲ್ಲ. ಹಾಗಾಗಿ ಮೊದಲು ತಂದಿದ್ದು ಕೊರಳಿಗೆ ಹಾಕುವ ಪಟ್ಟಿ. ಅದು ಗಿಟಾರಿನ ಕೆಳಗಿನಿಂದ ಬಳಸಿ ಬಂದು, ಮೇಲಿನ ಹಲಗೆಯ ದುಂಡು ತೂತಿನ (ಸೌಂಡ್‌ಹೋಲ್) ಅಂಚಿಗೆ ಕೊಕ್ಕೆ ಹಾಕಿಕೊಳ್ಳುತ್ತದೆ. ಸುಲಭ ಅಲ್ವಾ? ಒಂದು ದಿನ ಪುಟ ತಿರುಗಿಸಲು ಎರಡೂ ಕೈ ತೆಗೆದೆ. ಗಿಟಾರು ಮುಂದಕ್ಕೆ ಮಗುಚಿ ಅದರ ತಲೆ ಮ್ಯೂಸಿಕ್ ಸ್ಟ್ಯಾಂಡಿಗೆ ಬಡಿಯಿತು. ಗಿಟಾರಿಗೆ ಏನೂ ಆಗಲಿಲ್ಲ, ನನ್ನ ಜೀವ ಬಾಯಿಗೆ ಬಂತು. ಮೇಲಿನ ಹಲಗೆಯೋ, ಸುಮಾರು 2ರಿಂದ 2.5 ಮಿ.ಮೀ. ದಪ್ಪ. ಅದರ ಅಂಚಿಗೆ ದಿನಾ ಭಾರ ಹಾಕುವುದು ನನಗಂತೂ ಬೇಡವೆನಿಸಿತು.

ಕೊನೆಗೆ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಎರಡು ಬಟನ್ ಹಾಕಿಸಿದೆ. ಡ್ರಿಲ್ ಶುರುವಾದಾಗ ನಾನು ಆ ಕಡೆ ನೋಡಲಿಲ್ಲ. ಒಂದು ಬಟನ್ ಬುಡದಲ್ಲಿ, ಒಳಗೆ ಗಟ್ಟಿ ಮರದ ಕಟ್ಟೆ ಇರುವ ಕಡೆ. ಇನ್ನೊಂದು ಗಿಟಾರಿನ ಕತ್ತು ಒಡಲಿಗೆ ಸೇರುವ ಹೀಲ್‌ನಲ್ಲಿ. ಅದನ್ನು ಹೀಲ್‌ನ ಹಿಂಬದಿಗೆ ಹಾಕಿಸಬೇಕೆಂದಿದ್ದೆ. ಅವರು ಬೇಡವೆಂದು, ನೆಲದ ಕಡೆಗಿರುವ ಪಕ್ಕಕ್ಕೆ ಹಾಕಿದರು. ಆಗ ಪಟ್ಟಿ ಹೀಲ್‌ನ ಹಿಂದಿನಿಂದ ಸುತ್ತಿ ಬಂದು ಗಿಟಾರನ್ನು ಎದೆಯ ಕಡೆಗೆ ಎಳೆದು ಹಿಡಿಯುತ್ತದೆ. ಒಂದೇ ಕಿರಿಕಿರಿ, 12ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿ ಮೇಲೆ ಹೋದರೆ ಅಂಗೈಗೆ ಪಟ್ಟಿ ತಾಗುತ್ತದೆ.

ಉದ್ದ ಹೊಂದಿಸುವುದರಲ್ಲೇ ಹೆಚ್ಚು ದಿನ ಹೋಯಿತು. ಹಳೆಯ ಹಾಗೆ ಫುಟ್‌ಸ್ಟೂಲ್ ಇಟ್ಟುಕೊಂಡು ಕೂತೆ. ತಂತಿ ಬಿಗಿ ಮಾಡುವ ಯಾವ ಕೀಲಿ ಕಣ್ಣಿನ ನೇರಕ್ಕೆ ಬರುತ್ತದೆಂದು ನೋಡಿಟ್ಟುಕೊಂಡೆ. ಆಮೇಲೆ ಸ್ಟೂಲ್ ತೆಗೆದು, ಎರಡೂ ಪಾದ ನೆಲಕ್ಕೂರಿ, ಅದೇ ಕೀಲಿ ಅದೇ ಎತ್ತರಕ್ಕೆ ಬರುವ ತನಕ ಪಟ್ಟಿ ಬಿಗಿ ಮಾಡಿದೆ. ಜಾಸ್ತಿಯೇ ಬಿಗಿಯಾಯಿತು. ಗಿಟಾರು ತೊಡೆ ಬಿಟ್ಟು ನೇತಾಡತೊಡಗಿತು. ಎಡಗೈ ಒಂದು ಪೊಸಿಷನ್‌ನಿಂದ ಇನ್ನೊಂದಕ್ಕೆ ಹಾರಿದಾಗಲೆಲ್ಲ ಗಿಟಾರಿನ ಕತ್ತೂ ಜೊತೆಗೆ ಅಲ್ಲಾಡುತ್ತಿತ್ತು. ಎರಡು ಬೆರಳಿನಷ್ಟು ಸಡಿಲ ಮಾಡಿದೆ. ಗಿಟಾರಿನ ಸೊಂಟ ತೊಡೆಗೆ ತಾಗಿ ಕೂತಿತು, ಅಲ್ಲಾಟ ನಿಂತಿತು. ಭಾರ ತೊಡೆಗೂ ಹೆಗಲಿಗೂ ಹಂಚಿಹೋಗಬೇಕು. ಪೂರ್ತಿ ಪಟ್ಟಿಯ ಮೇಲೆ ಬಿಟ್ಟರೆ ಕೈ ನಡೆಯುವುದಿಲ್ಲ. ಆ ಅಳತೆಗೆ ಪಟ್ಟಿಯ ಮೇಲೆ ಬಿಳಿ ದಾರದಲ್ಲಿ ಒಂದು ಹೊಲಿಗೆ ಹಾಕಿಟ್ಟಿದ್ದೇನೆ.

ನುಣ್ಣನೆಯ ನೈಲಾನ್ ಪಟ್ಟಿ ಅಂಗಿಯ ಮೇಲೆ ಜಾರುತ್ತದೆ, ಕತ್ತು ನಿಧಾನಕ್ಕೆ ಕೆಳಗಿಳಿಯುತ್ತದೆ. ನಾನೀಗ ಅಗಲವಾದ, ಒರಟು ಹತ್ತಿಯದನ್ನು ಹಾಕುತ್ತೇನೆ. ನುಡಿಸಿ ಮುಗಿದ ಮೇಲೆ ಅದನ್ನು ಬಿಚ್ಚಿಯೇ ಗಿಟಾರನ್ನು ಕೇಸಿನೊಳಗೆ ಇಡುತ್ತೇನೆ. ಶೆಲಾಕ್ (ಅರಗು) ಪಾಲಿಶ್ ಮೇಲೆ ರಬ್ಬರಿನಂಥದ್ದು ಒತ್ತಿಕೊಂಡಿದ್ದರೆ ಕಲೆ ಬೀಳಬಹುದು.

ನಿಂತೂ ನುಡಿಸಿ ನೋಡಿದೆ. ತೊಡೆಯ ಆಸರೆ ತಪ್ಪಿದ್ದರಿಂದ ಬಲಗೈ ಉಗುರು ತಂತಿಗೆ ತಾಗುವ ಕೋನವೇ ಬದಲಾಗಿ, ಸ್ವರ ತೆಳುವಾಯಿತು. ಐದೇ ನಿಮಿಷಕ್ಕೆ ಮತ್ತೆ ಕುರ್ಚಿ ಎಳೆದುಕೊಂಡೆ.