ಒಡೆದ ಕಟ್ಟೆಯ ಗಜನಿಗೆ ಹದ್ದುಬಸ್ತು ಮಾಡಿದ್ದು: ನನ್ನ ಅನುಭವ

"ಭರತದ ನೀರು ನಿಲ್ಲುವ ಜಾಗಕ್ಕೆ ಎಂಥ ಹದ್ದುಬಸ್ತು ಮಾರಾಯ್ರೆ, ಅದು ಹೊಳೆಯದ್ದು" ಎಂದು ನನ್ನ ಮುಖಕ್ಕೇ ಹೇಳಿದವರು ಮೂವರು. ಭರತ ಎಂದರೆ ಸಮುದ್ರದ ಉಬ್ಬರ, ಹದ್ದುಬಸ್ತು ಎಂದರೆ ದಾಖಲೆ ನೋಡಿ ಜಮೀನಿನ ಗಡಿ ಗುರುತಿಸುವುದು, ಗಜನಿ ಎಂದರೆ ಹೊಳೆ ದಂಡೆಯಲ್ಲಿ ಕಟ್ಟೆ ಹಾಕಿ ಬೇಸಾಯ ಮಾಡುವ ತಗ್ಗಿನ ಗದ್ದೆ. ಇಬ್ಬರು ನನ್ನ ಹಾಗೇ ಪರವಾನಿಗೆ ಭೂಮಾಪಕರು, ಇನ್ನೊಬ್ಬರು ಇಲಾಖೆಯಲ್ಲೇ ಕೂದಲು ಹಣ್ಣು ಮಾಡಿಕೊಂಡು ನಿವೃತ್ತರಾದವರು. ಮೊನ್ನೆ ವಿಚಾರಣೆ ಮುಗಿದು ಆದೇಶ ಬಂತು. ನಾನು ಎಳೆದ ಗೆರೆಯೇ ನಿಂತಿದೆ. ಆ ಮೂವರೂ ಇದನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಜಾಗ ಅಘನಾಶಿನಿ ದಂಡೆಯದ್ದು, ಕುಮಟಾ ಕಡೆ. ಪಕ್ಕದ ಹಿಸ್ಸೆಯವರ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಊರಿನ ಹೆಸರು ಬೇಡ. ಪಹಣಿಯಲ್ಲಿ ಎರಡೂ ಕಾಲು ಎಕರೆ ಚಿಲ್ಲರೆ, ಅದರಲ್ಲಿ ಏಳೆಂಟು ಗುಂಟೆ ಬ-ಖರಾಬು (ಸಾರ್ವಜನಿಕ ಬಳಕೆಗೆಂದು ಬಿಟ್ಟ, ಕಂದಾಯವಿಲ್ಲದ ನೆಲ). ಒಂದು ಕಾಲದಲ್ಲಿ ಒಳ್ಳೆಯ ಕಗ್ಗ (ಉಪ್ಪುನೀರು ತಾಳುವ ಭತ್ತ) ಬೆಳೆಯುತ್ತಿದ್ದ ಗಜನಿ. ಒಂದು ಮಳೆಗಾಲ ಕಟ್ಟೆ ಒಡೆಯಿತು, ಕಟ್ಟಿಸುವವರಿಲ್ಲದೆ ಹಾಗೇ ಬಿತ್ತು. ಈಗ ದಿನಕ್ಕೆ ಎರಡು ಸಲ ನೀರು ಒಳಗೆ ಬಂದು ಹೋಗುತ್ತದೆ, ಮೂಲೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಎದ್ದಿದೆ. ಮಾಲೀಕರು ಕಟ್ಟೆ ಮತ್ತೆ ಕಟ್ಟುತ್ತೇವೆಂದು ಹೊರಟಾಗ ತಕರಾರು ಬಂತು: ಭರತರೇಖೆಯ ಕೆಳಗಿನದ್ದೆಲ್ಲ ಸರ್ಕಾರದ್ದು, ಭೂಕಂದಾಯ ಕಾಯ್ದೆ 67ನೇ ಕಲಂ ನೋಡಿ.

67ನೇ ಕಲಂ ನಮಗೆಲ್ಲ ಗೊತ್ತಿದ್ದದ್ದೇ. ಸಮುದ್ರದ, ಬಂದರಿನ, ಕೋಡಿಯ (ಉಪ್ಪುನೀರಿನ ತೋಡಿನ) ತಳ ಭರತದ ಗುರುತಿನ ಕೆಳಗೆ ಇದ್ದರೆ ಸರ್ಕಾರದ್ದು. ಆದರೆ ಯಾವ ದಿನದ ಭರತ ಎಂದು ಅದು ಹೇಳುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಅಲ್ಲಿ ಸಿಆರ್‌ಝಡ್‌ನ (ಕರಾವಳಿ ನಿಯಂತ್ರಣ ವಲಯದ ನಿಯಮಗಳ) ಎಚ್‌ಟಿಎಲ್, ಅಂದರೆ ಹೈ ಟೈಡ್ ಲೈನ್, ತಂದು ಅಂಟಿಸುತ್ತಾರೆ. ಆ ಗೆರೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತ ಮುಟ್ಟುವ ಅತಿ ಮೇಲಿನ ರೇಖೆ, ಎಲ್ಲಿ ಏನು ಕಟ್ಟಬಹುದು ಎನ್ನುವುದಕ್ಕೆ ಮಾಡಿದ್ದು. ಜಾಗ ಯಾರದ್ದು ಎಂದು ಅದಕ್ಕೆ ಕೇಳಿದರೆ ಅದೇನು ಹೇಳೀತು? ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಮಾಲೀಕತ್ವಕ್ಕೆ ಹಿಡಿಯುವುದು ಸಾಧಾರಣ ಭರತವನ್ನು, ದೊಡ್ಡದಕ್ಕೂ ಸಣ್ಣದಕ್ಕೂ ನಡುವಿನದನ್ನು. 1854ರ ಚೇಂಬರ್ಸ್ ಪ್ರಕರಣದಿಂದ ಅದೇ ನಡೆದು ಬಂದಿದೆ. ಇದನ್ನು ತೆಗೆದುಕೊಟ್ಟವರು ನಮ್ಮ ವಕೀಲರು.

ಮೊದಲ ವರ್ಷ ನಾನೂ ದಡ್ಡನ ಹಾಗೇ ಮಾಡಿದೆ. ಬಾಡಿಗೆಗೆ ಆರ್‌ಟಿಕೆ ಸೆಟ್ (ಉಪಗ್ರಹದ ಸಂಕೇತದಿಂದ ಜಾಗ ಅಳೆಯುವ ಉಪಕರಣ) ತಂದೆ, ದಿನಕ್ಕೆ ಮೂರೂವರೆ ಸಾವಿರ. ಗಜನಿಯ ನಡುವೆ ಮೊಬೈಲ್ ಸಿಗ್ನಲ್ ಇಲ್ಲ, ಅಳತೆಯ ತಿದ್ದುಪಡಿ ಬರುವುದಿಲ್ಲ, ದೋಣಿಯವನು ಬೀಡಿ ಸೇದುತ್ತ ಕೂತ. ನಾಲ್ಕು ದಿನ, ಹದಿನಾಲ್ಕು ಸಾವಿರ ಕೆಸರಿಗೆ. ಡ್ರೋನ್ ಹಾರಿಸಿದ್ದಕ್ಕೆ ಇನ್ನೊಂದು ಆರು ಸಾವಿರ. ಕಾಂಡ್ಲಾ ಗಿಡಗಳ ನೆತ್ತಿಯ ಚೆಂದದ ಚಿತ್ರ ಸಿಕ್ಕಿತು, ಕಟ್ಟೆ ಎಲ್ಲಿ ಕಂಡೀತು! ಜುಲೈಯಲ್ಲಿ ಭರತದ ಗುರುತು ಹಾಕಿದ್ದಂತೂ ಹೇಳಿಕೊಳ್ಳಲು ನಾಚಿಕೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಘಟ್ಟದ ಮಳೆಯೆಲ್ಲ ನೇರ ಕೆಳಗೆ. ನಾನು ಅಳೆದದ್ದು ಭರತವಲ್ಲ, ನೆರೆ.

ದಾರಿ ತೋರಿಸಿದ್ದು ಟಿಪ್ಪಣಿ, ಅಂದರೆ ಮೂಲ ಸರ್ವೆಯಲ್ಲಿ ಅಳತೆ ಬರೆದಿಟ್ಟ ಹೊಲದ ನಕ್ಷೆ. ಟಿಪ್ಪಣಿ, ಆಕಾರಬಂದು (ವಿಸ್ತೀರ್ಣ, ಕಂದಾಯದ ಪಟ್ಟಿ), ಪಕ್ಕಾ ಪುಸ್ತಕ (ವಿಸ್ತೀರ್ಣದ ಲೆಕ್ಕದ ಪುಸ್ತಕ) ಮೂರರ ನಕಲೂ ತೆಗೆಸಿದೆ. ಒಂದು ಕಚೇರಿಯಲ್ಲಿ ಹಾಳೆ ಸಿಗುವುದೇ ಇಲ್ಲ ಎಂದು ಎಂಟು ಸಲ ತಿರುಗಿಸಿದರು, ಒಂಬತ್ತನೇ ಸಲ ಅದೇ ಕಪಾಟಿನಲ್ಲಿ ಸಿಕ್ಕಿತು. ಉತ್ತರ ಕನ್ನಡ ಮುಂಬೈ ಪ್ರಾಂತದಲ್ಲಿದ್ದದ್ದು, ಹಾಗಾಗಿ ಅಳತೆ 33 ಅಡಿ ಸರಪಳಿಯದ್ದು, ಹದಿನಾರು ಆಣೆಗೆ ಒಂದು ಸರಪಳಿ. ಒಂದು ಆಣೆ ಎಂದರೆ ಎರಡಡಿ ಮುಕ್ಕಾಲು ಇಂಚು. ನನಗಿಂತ ಮೊದಲು ಈ ಕೆಲಸ ಹಿಡಿದಿದ್ದ ಹುಡುಗ ಕುಂದಾಪುರದ ಕಡೆಯವನು, ಸೆಂಟ್ಸಿನಲ್ಲಿ ಬೆಳೆದವನು. ಆಣೆಯನ್ನು ಲಿಂಕು (ಸರಪಳಿಯ ನೂರನೇ ಒಂದು ಪಾಲು) ಎಂದು ಓದಿ ಇಡೀ ಹೊಲವನ್ನು ಸೊಟ್ಟ ಮಾಡಿಟ್ಟಿದ್ದ. ತಕರಾರಿನ ಅರ್ಧ ಹುಟ್ಟಿದ್ದೇ ಆ ನಕ್ಷೆಯಿಂದ.

ಟಿಪ್ಪಣಿಯಲ್ಲಿ ಹೊಳೆಯ ಕಡೆಯ ಗಡಿ ಹೊಳೆಯಲ್ಲ, ಕಟ್ಟೆ. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ಇವತ್ತು ನೀರು ಎಲ್ಲಿ ಬರುತ್ತದೆ ಎಂದು ಹುಡುಕುವುದಲ್ಲ, ಅವತ್ತು ಕಟ್ಟೆ ಎಲ್ಲಿತ್ತು ಎಂದು ಹುಡುಕುವುದು.

ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. "ಜಂತ್ರಡಿ ಇದ್ದದ್ದು ಆ ಬಾಗಿದ ತೆಂಗಿನ ನೇರಕ್ಕೆ ತಮಾ, ನಮ್ಮತ್ತೆ ಅಲ್ಲೇ ಏಡಿ ಹಿಡೀತಿದ್ರು" ಎಂದರು. ಜಂತ್ರಡಿ ಎಂದರೆ ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ಹಲಗೆಯ ತೂಬು. ಬಾಗಿದ ತೆಂಗು ಈಗ ಇಲ್ಲ, ಬುಡ ಇದೆ. ಜನವರಿಯ ಅಮಾವಾಸ್ಯೆಯ ಮಾರನೆಯ ದಿನ, ಬೆಳಗಿನ ಐದೂವರೆಯ ಇಳಿತಕ್ಕೆ ಇಬ್ಬರು ಆಳುಗಳ ಜೊತೆ ಇಳಿದೆ. ಮೊಣಕಾಲು ಮುಳುಗುವ ಕೆಸರು, ಹಣೆಗೆ ಬ್ಯಾಟರಿ, ಕೈಯಲ್ಲಿ ಹತ್ತಡಿಯ ಕಬ್ಬಿಣದ ಸರಳು. ಅಡಿಗೊಮ್ಮೆ ಚುಚ್ಚುತ್ತ ಹೋಗುವುದು. ಮೆತ್ತಗೆ, ಮೆತ್ತಗೆ, ಮೆತ್ತಗೆ, ಒಮ್ಮೆಲೇ ಠಕ್. ಚಿರೆಕಲ್ಲಿನ ಸದ್ದು ಬೇರೆ, ಚಿಪ್ಪಿನ ರಾಶಿಯದ್ದು ಬೇರೆ, ಕೈಗೆ ಗೊತ್ತಾಗುತ್ತದೆ. ಹೀಗೆ ಅರವತ್ತೆಪ್ಪತ್ತು ಮೀಟರ್ ಉದ್ದ ಚಿರೆಕಲ್ಲಿನ ಪಾಯ ಸಿಕ್ಕಿತು. ಏಳು ಗಂಟೆಯ ಹೊತ್ತಿಗೆ ನೀರು ಮತ್ತೆ ಏರುತ್ತಿದ್ದಾಗ ಸರಳಿಗೆ ಮರ ತಾಗಿತು. ಬಗ್ಗಿ ಕೈ ಹಾಕಿದರೆ ಹೊಸ್ತಿಲಿನ ಹಾಗೆ ಅಡ್ಡ ಮಲಗಿದ ತೊಲೆ, ಹಲಗೆ ಜಾರಿಸಲು ಕೊರೆದ ಜಾಡೂ ಇತ್ತು. ಜಂತ್ರಡಿಯ ಅಡಿಮರ. ಟಿಪ್ಪಣಿಯ ಲೆಕ್ಕಕ್ಕೆ ಅದು ಎಷ್ಟು ದೂರದಲ್ಲಿರಬೇಕಿತ್ತೋ ಅದಕ್ಕೂ ಸಿಕ್ಕಿದ್ದಕ್ಕೂ ಒಂದೂವರೆ ಆಣೆ ವ್ಯತ್ಯಾಸ. ನನ್ನ ಜೊತೆಗಿದ್ದವನು ಕುಣಿದ, ನಾನು ಕುಣಿಯಲು ಹೋಗಿ ಚಪ್ಪಲಿ ಕಳೆದುಕೊಂಡೆ.

ಆದರೆ ಕಟ್ಟೆ ಸಿಕ್ಕಿದ ಮಾತ್ರಕ್ಕೆ ಮುಗಿಯಲಿಲ್ಲ. ಭರತ ಎಷ್ಟಕ್ಕೆ ಏರುತ್ತದೆ ಎಂದೂ ತೋರಿಸಿ ಎಂದರು ವಿಚಾರಣೆಯ ಅಧಿಕಾರಿಗಳು. ಬಂದರಿನ ಭರತ-ಇಳಿತದ ಪಟ್ಟಿ ನೋಡಿ ಬರೆದರೆ ಆಗುವುದಿಲ್ಲ, ಒಳಗೆ ಬರುತ್ತ ಹೊತ್ತೂ ಎತ್ತರವೂ ಬದಲಾಗುತ್ತವೆ. ನಮ್ಮ ಜಾಗಕ್ಕೆ ಭರತ ಮುಕ್ಕಾಲು ಗಂಟೆ ತಡ. ಅಡಿಕೆ ಕಂಬಕ್ಕೆ ಪೇಂಟ್ ಹೊಡೆದು ನೆಟ್ಟೆ, ಆದರೆ ರಾತ್ರಿ ಭರತಕ್ಕೆ ಯಾರು ಕಾಯಬೇಕು? ಪಾರದರ್ಶಕ ಪೈಪಿನೊಳಗೆ ಒಂದು ಹಿಡಿ ತೌಡು ಹಾಕಿ, ಕೆಳಗೆ ತೂತು ಬಿಟ್ಟು ಕಂಬಕ್ಕೆ ಕಟ್ಟಿದೆ. ನೀರು ಏರಿದಾಗ ತೌಡು ತೇಲಿ ಮೇಲಕ್ಕೆ ಹೋಗುತ್ತದೆ, ಇಳಿಯುವಾಗ ಗೆರೆ ಗೋಡೆಗೆ ಅಂಟಿರುತ್ತದೆ. ಮೊದಲ ವಾರ ಮೀನು ತೌಡು ತಿಂದವು! ಅದಕ್ಕೆ ಏನು ಮಾಡಿದೆ, ತೂತು ಎಷ್ಟು ದೊಡ್ಡದು, ಅಲೆ ಕುಲುಕದಂತೆ ಪೈಪನ್ನು ಎಲ್ಲಿ ನಿಲ್ಲಿಸಿದೆ ಎನ್ನುವುದು ನನ್ನಲ್ಲೇ ಇರಲಿ, ಹೊಟ್ಟೆಪಾಡು. ಜನವರಿಯಿಂದ ಏಪ್ರಿಲ್‌ವರೆಗೆ ಮೂರು ತಿಂಗಳು ಚಿಲ್ಲರೆ ಓದಿದೆ. ಸರಿಯಾಗಿ ಮಾಡುವವರು ಚಂದ್ರನ ಹದಿನೆಂಟೂವರೆ ವರ್ಷದ ಸುತ್ತು ಪೂರ್ತಿ ಅಳೆಯಬೇಕಂತೆ. ಅಷ್ಟು ಹೊತ್ತಿಗೆ ಗಿರಾಕಿಯೂ ಇರುವುದಿಲ್ಲ, ನಾನೂ ಇರುವುದಿಲ್ಲ. ಬಂದರಿನ ಹಳೆಯ ಅಂಕಿಗಳ ಜೊತೆ ತಾಳೆ ಹಾಕಿದ್ದನ್ನು ಒಪ್ಪಿದರು.

ಸಿಕ್ಕಿದ್ದು ಇದು: ಸಾಧಾರಣ ಭರತಕ್ಕೂ ದೊಡ್ಡ ಭರತಕ್ಕೂ ಎತ್ತರದಲ್ಲಿ ಒಂದಡಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ಗಜನಿಯ ಒಳಗೆ ನೆಲ ಅಂಗೈಯಷ್ಟು ಚಪ್ಪಟೆ, ಆ ಒಂದಡಿಗೆ ಗೆರೆ ನಲವತ್ತು ಮೀಟರ್ ಓಡುತ್ತದೆ. ಕಟ್ಟೆಯ ಪಾಯದ ಮೇಲೆ ಮತ್ತೆ ಕಟ್ಟೆ ಎಬ್ಬಿಸಿದ್ದೇ ಆದರೆ ಎರಡೂ ಗೆರೆ ಒಂದೇ ಕಲ್ಲಿನ ಮುಖದ ಮೇಲೆ, ಒಂದರ ಮೇಲೊಂದು.

ನಡುವೆ ಉಪ್ಪಿನ ಹುಚ್ಚೂ ಹಿಡಿದಿತ್ತು. ಹೊಳೆಯಲ್ಲಿ ಸಿಆರ್‌ಝಡ್ ಎಲ್ಲಿವರೆಗೆ ಎನ್ನುವುದಕ್ಕೆ ಬೇಸಿಗೆಯ ಒಣ ಕಾಲದಲ್ಲಿ ಸಾವಿರಕ್ಕೆ ಐದು ಪಾಲು ಉಪ್ಪು ಎಂಬ ಲೆಕ್ಕವಿದೆಯಲ್ಲ, ಸಿಗಡಿ ಸಾಕುವವರ ಹತ್ತಿರ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಎರವಲು ತಂದು ಎರಡು ಭಾನುವಾರ ದೋಣಿಯಲ್ಲಿ ಮೇಲಕ್ಕೆ ಹೋದೆ. ಈ ಕೇಸಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಡೀಸೆಲ್ ಒಂಬೈನೂರು. ಒಂದು ಮಾತ್ರ ಕಂಡೆ: ಮೇಲಿನ ನೀರು ಸಪ್ಪೆ, ಅದೇ ಜಾಗದಲ್ಲಿ ತಳದ ನೀರು ಉಪ್ಪು. ಎಲ್ಲಿಂದ ಎತ್ತಿದ್ದೆಂದು ಬರೆಯದ ವರದಿಯನ್ನು ಇನ್ನು ಮೇಲೆ ನಂಬುವುದಿಲ್ಲ.

ವಿಚಾರಣೆಯಲ್ಲಿ ಎದುರಿನವರ ವಾದ ಒಂದೇ: ನೆಲ ಭರತದ ಮಟ್ಟಕ್ಕಿಂತ ತಗ್ಗು. ನಾನು ಹೇಳಿದೆ, ಗಜನಿ ಎಂದರೇ ಭರತಕ್ಕಿಂತ ತಗ್ಗಿನ ನೆಲ; ಮಟ್ಟ ಒಂದನ್ನೇ ಹಿಡಿದರೆ ಈ ಹೊಳೆಯ ಎರಡೂ ದಂಡೆಯ ಗಜನಿ ಪೂರ್ತಿ ಸರ್ಕಾರದ್ದಾಗಬೇಕು, ಹಾಗಾದರೆ ಆಕಾರ (ಕಂದಾಯದ ಮೊತ್ತ) ಕೂರಿಸಿ ಇಷ್ಟು ವರ್ಷ ಕಂದಾಯ ವಸೂಲು ಮಾಡಿದ್ದು ಯಾವುದಕ್ಕೆ? ವಕೀಲರು 1870ರ ಪ್ರಿವಿ ಕೌನ್ಸಿಲ್ (ಬ್ರಿಟಿಷ್ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯ) ತೀರ್ಪು ಇಟ್ಟರು, ಲೋಪೆಜ್ ವಿರುದ್ಧ ಮದನಮೋಹನ ಠಾಕೂರ್ ಪ್ರಕರಣದ್ದು. ಗಂಗೆಯಲ್ಲಿ ಮುಳುಗಿದ ಜಮೀನು ಮತ್ತೆ ಎದ್ದಾಗ, ಅದೇ ಜಾಗವೆಂದು ಗುರುತಿಸಲು ಬಂದರೆ ಹಳೆಯ ಮಾಲೀಕನದ್ದೇ ಎಂದದ್ದು. ಗುರುತಿಸುವುದು, ಅಷ್ಟೇ ನಮಗೆ ಬೇಕಿದ್ದದ್ದು. ಹೊಳೆ ಮೆಲ್ಲಗೆ ಕೊರೆದು ತಿಂದದ್ದಲ್ಲ, ಒಂದು ರಾತ್ರಿ ಕಟ್ಟೆ ಹೋದದ್ದು ಎಂದು ತೋರಿಸಲು ಅಡಿಮರದ ಫೋಟೋ, ಪಂಚನಾಮೆ, ಅಜ್ಜಿಯ ಹೇಳಿಕೆ.

ಸಿಆರ್‌ಝಡ್ ಗೆರೆಯನ್ನು ಬೇರೆಯೇ ಹಾಳೆಯಲ್ಲಿ ಕೊಟ್ಟೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕಬೇಡಿ, ಕೈಮುಗಿಯುತ್ತೇನೆ. ನೋಡುವವರಿಗೆ ಕೆಂಪು ಗೆರೆ ಯಾವುದು ನೀಲಿ ಯಾವುದು ಎಂದು ತಿಳಿಯದೆ ಫೈಲು ಆರು ತಿಂಗಳು ಮಲಗುತ್ತದೆ. 2019ರ ಅಧಿಸೂಚನೆಯಲ್ಲಿ 1991ರ ಫೆಬ್ರವರಿ 19ಕ್ಕಿಂತ ಮೊದಲಿನ ಕಟ್ಟೆ, ತೂಬುಗಳಿದ್ದರೆ ಎಚ್‌ಟಿಎಲ್ ಅಲ್ಲಿಗೇ ನಿಲ್ಲುತ್ತದೆ, ಆದರೆ ಒಳಗೆ ಎದ್ದ ಕಾಂಡ್ಲಾ ಮುಟ್ಟುವ ಹಾಗಿಲ್ಲ. ಗಿರಾಕಿಗೆ ಇದನ್ನು ಮೊದಲೇ ಹೇಳಿದ್ದೆ. ಜಾಗ ನಿಮ್ಮದಾದರೂ ಆ ಮೂಲೆಯ ಗಿಡ ಕಡಿಯುವ ಹಾಗಿಲ್ಲ ಎಂದಾಗ ಅವರ ಮುಖ ಸಪ್ಪಗಾಯಿತು.

ಖರ್ಚು ಒಟ್ಟು ಅರವತ್ತು ಸಾವಿರದ ಮೇಲೆ, ಅದರಲ್ಲಿ ಇಪ್ಪತ್ತು ನನ್ನ ದಡ್ಡತನದ್ದು, ಅದನ್ನು ಬಿಲ್ಲಿಗೆ ಹಾಕಿಲ್ಲ. ಸಿಕ್ಕಿದ್ದು ಐವತ್ತೈದು, ಬಾಕಿ ಕಟ್ಟೆ ಆದ ಮೇಲಂತೆ. ಬಾಂದು ಕಲ್ಲು ನಾಲ್ಕು ನೆಟ್ಟಿದ್ದೇವೆ, ಹೊಳೆ ಕಡೆಯ ಎರಡನ್ನು ಪಾಯದ ಚಿರೆಕಲ್ಲಿಗೇ ಕಾಂಕ್ರೀಟು ಹಾಕಿ ಕೂರಿಸಿದ್ದು. ಮೊನ್ನೆ ಹೋದಾಗ ಒಂದರ ತಲೆಗೆ ಆಗಲೇ ಚಿಪ್ಪಿ ಕಚ್ಚಿತ್ತು. ಶರಾವತಿ ಕಡೆಯಿಂದ ಇನ್ನೊಂದು ಕೆಲಸ ಬಂದಿದೆ. ಅಲ್ಲಿ ಮೇಲೆ ಅಣೆಕಟ್ಟಿದೆ, ಕರೆಂಟಿಗೆ ನೀರು ಬಿಟ್ಟಾಗ ತೌಡಿನ ಗೆರೆ ಏನು ಹೇಳುತ್ತದೋ ನೋಡಬೇಕು. ಪೈಪು ಎರಡು ಕಟ್ಟಿ ಬಂದಿದ್ದೇನೆ.